ಕ್ಷಮಾಪತ್ರದ ಬೆಲೆ

ದೇವರಿಗೆ ಕಾಣಿಕೆ ಸಲ್ಲಿಸುವ ಪದ್ಧತಿ ಎಲ್ಲ ಮತಗಳಲ್ಲಿಯೂ ಉಂಟು. ಆದರೆ ಕೊಟ್ಟ ಹಣವೇ ಪಡೆದ ಅನುಗ್ರಹದ ಅಳತೆಯೆಂದು ಜನರು ನಂಬತೊಡಗಿದಾಗ ಏನಾಗುವುದೆಂಬುದನ್ನು ತಿಳಿಯಲು ನಾವು ಹದಿನಾರನೆಯ ಶತಮಾನದ ಜರ್ಮನಿಯನ್ನು ನೋಡಬೇಕು.

1514ರಲ್ಲಿ ಆಲ್ಬ್ರೆಕ್ಟ್ ಎಂಬ ರಾಜಕುಮಾರನು ಎಳೆಯ ವಯಸ್ಸಿನಲ್ಲಿಯೇ ಮೈನ್ಟ್ಸ್ ನಗರದ ಆರ್ಚ್‌ಬಿಷಪ್ ಆದನು. ಬೇರೆ ಎರಡು ಧರ್ಮಪೀಠಗಳು ಆಗಲೇ ಅವನ ಕೈಯಲ್ಲಿದ್ದುವು. ಇಷ್ಟನ್ನೂ ಒಬ್ಬನೇ ಹೊಂದಬೇಕಾದರೆ ರೋಮಿಗೆ ಭಾರಿ ಶುಲ್ಕ ತೆರಬೇಕು. ಆ ಹಣವನ್ನು ಅವನು ಔಗ್ಸ್‌ಬುರ್ಗಿನ ಫುಗ್ಗರ್ ಸಾಹುಕಾರರಿಂದ ಸಾಲವಾಗಿ ತಂದನು. ಸಾಲ ತೀರುವ ಬಗೆ? ರೋಮಿನ ಸಂತ ಪೀಟರನ ದೇವಾಲಯವನ್ನು ಕಟ್ಟಿಸುವುದಕ್ಕೆಂದು ಪೋಪ್ ಹತ್ತನೆಯ ಲಿಯೋ 1515ರಲ್ಲಿ ಅವನ ಸೀಮೆಯಲ್ಲಿ ಕ್ಷಮಾಪತ್ರಗಳ ವಿನಿಯೋಗಕ್ಕೆ ಅಪ್ಪಣೆಯಿತ್ತನು. ಬಂದುದರಲ್ಲಿ ಅರ್ಧ ದೇವಾಲಯಕ್ಕೆ, ಅರ್ಧ ಸಾಲಕ್ಕೆ. ಕೊಳ್ಳುವ ಭಕ್ತರಿಗೆ ಹೇಳಿದ್ದು ದೇವಾಲಯದ ಮಾತನ್ನು ಮಾತ್ರ.

ನ್ಯಾಯವಾಗಿ ನೋಡಿದರೆ, ಈ ಪತ್ರವು ಪಾಪವನ್ನೇ ಅಳಿಸುವುದೆಂದು ಚರ್ಚಿನ ಶಾಸ್ತ್ರವು ಹೇಳಿರಲಿಲ್ಲ. ಪಶ್ಚಾತ್ತಾಪಪಟ್ಟು ಪಾದ್ರಿಯ ಮುಂದೆ ಪಾಪವನ್ನು ನಿವೇದಿಸಿಕೊಂಡವನಿಗೆ, ಉಳಿದ ದಂಡನೆಯನ್ನಷ್ಟೇ ಅದು ಕಳೆಯತಕ್ಕದ್ದು. ಆದರೆ ಆಲ್ಬ್ರೆಕ್ಟನು ತನ್ನ ಪ್ರಚಾರಕರಿಗೆ ಕೊಟ್ಟ ಸೂಚನೆಗಳಲ್ಲಿ, ಸತ್ತವರ ಆತ್ಮಗಳಿಗಾಗಿ ಕೊಳ್ಳುವವನಿಗೆ ಪಶ್ಚಾತ್ತಾಪವೂ ಅವಶ್ಯವಿಲ್ಲ, ಹಣವು ಪೆಟ್ಟಿಗೆಗೆ ಬಿದ್ದರೆ ಸಾಕು ಎಂದಿತ್ತು. ಕೆಡುಕು ಹೊಕ್ಕಿದ್ದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ತಂದೆತಾಯಿಗಳು ಪರಲೋಕದ ಬೆಂಕಿಯಲ್ಲಿ ಬೇಯುತ್ತಿರುವರೆಂದು ಕೇಳಿದ ಯಾವ ಮಗನು ತಾನೆ ಗಂಟು ಬಿಚ್ಚದಿದ್ದಾನು? ಟೆಟ್ಸೆಲ್ ಎಂಬ ಸನ್ಯಾಸಿಯು ಊರೂರಿನಲ್ಲಿ ಉಪದೇಶಿಸಿದುದು ಇದನ್ನೇ.

ದರಗಳೂ ಗೊತ್ತಾಗಿದ್ದುವು: ಅರಸರಿಗೆ 25 ಚಿನ್ನದ ಗುಲ್ಡನ್, ಅಂತಸ್ತು ಇಳಿದಂತೆ ದರವೂ ಇಳಿದು, ಸಾಮಾನ್ಯರಿಗೆ 1, ಅರ್ಧ. ಕಾಸಿಲ್ಲದವರು ಉಪವಾಸ ಪ್ರಾರ್ಥನೆಗಳಿಂದಲೇ ಪಡೆಯಬಹುದೆಂದು ಬರೆದಿತ್ತು, ನಿಜ. ಆದರೆ ಫುಗ್ಗರರ ಗುಮಾಸ್ತರು ಪೆಟ್ಟಿಗೆಯ ಬಳಿ ಕಾದಿರುವಾಗ ಉಪವಾಸವನ್ನು ಯಾವ ಲೆಕ್ಕಕ್ಕೆ ಬರೆಯುವುದು?

ಸ್ಯಾಕ್ಸನಿಯ ದೊರೆ ಫ್ರೆಡ್ರಿಕನು ತನ್ನ ಸೀಮೆಯಲ್ಲಿ ಟೆಟ್ಸೆಲನನ್ನು ಸೇರಿಸಲಿಲ್ಲ. ಅದನ್ನು ಬರಿಯ ಧರ್ಮಶ್ರದ್ಧೆಯೆಂದು ನಾವು ಎಣಿಸಬೇಕಾಗಿಲ್ಲ. ವಿಟೆನ್‌ಬರ್ಗಿನಲ್ಲಿ ಅವನೇ ಕೂಡಿಹಾಕಿದ ಸಾವಿರಾರು ಪವಿತ್ರಾವಶೇಷಗಳಿಗೂ ಇಂತಹುದೇ ಫಲಶ್ರುತಿಯಿತ್ತು. ಜನರು ಗಡಿ ದಾಟಿ ಹೋಗಿ ಕೊಂಡು ತಂದರು. ಆ ಪತ್ರಗಳನ್ನು ಕಂಡ ವಿಟೆನ್‌ಬರ್ಗಿನ ಪ್ರಾಧ್ಯಾಪಕ ಮಾರ್ಟಿನ್ ಲೂಥರನು 1517ರ ಅಕ್ಟೋಬರ್ 31ರಂದು ತನ್ನ 95 ಪ್ರಮೇಯಗಳನ್ನು ಆಲ್ಬ್ರೆಕ್ಟನಿಗೇ ಕಳುಹಿಸಿದನು. ಹಸಿದವನಿಗೆ ಕೊಡುವುದು ಪತ್ರವನ್ನು ಕೊಳ್ಳುವುದಕ್ಕಿಂತ ಮೇಲೆಂಬುದು ಅವುಗಳಲ್ಲಿ ಒಂದು.

ಹಣ ಪಡೆದು ಕ್ಷಮಾಪತ್ರ ಕೊಡುವುದನ್ನು ರೋಮು ರದ್ದುಮಾಡಿದ್ದು 1567ರಲ್ಲಿ, ಐದನೆಯ ಪಯಸ್ ಪೋಪನಾಗಿದ್ದಾಗ. ಅಷ್ಟರಲ್ಲಿ ಜರ್ಮನಿಯ ಬಹುಭಾಗವು ರೋಮಿನ ಕೈಬಿಟ್ಟಿತ್ತು. ದೇವಾಲಯದ ಕೆಲಸವಿನ್ನೂ ನಡೆಯುತ್ತಲೇ ಇತ್ತು. ಅದಕ್ಕೆ ಪ್ರತಿಷ್ಠೆಯಾದುದು 1626ರಲ್ಲಿ.