ಸಿ ಭಾಷೆಯ ಕಡತಲೇಖನದಲ್ಲಿ ಅಂತ್ಯಚಿಹ್ನೆಯ ವಿಚಾರ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವುದಕ್ಕಾಗಿ ಕಲ್ಪಿತವಾದ ಕೃತಕಭಾಷೆಗಳಲ್ಲಿ ಸಿ ಎಂಬುದು ಸುಪ್ರಸಿದ್ಧವಾದುದು. 1970ರಿಂದ ಮೊದಲಾದ ದಶಕದ ಆದಿಭಾಗದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿ ಎಂಬವರು ಇದನ್ನು ರಚಿಸಿದರು. ಒಂದು ಅಕ್ಷರಸರಣಿಯನ್ನು ಕಡತದೊಳಕ್ಕೆ ಬರೆಯಿಸುವ ಆಜ್ಞೆಗೆ ಈ ಭಾಷೆಯಲ್ಲಿ ಎಫ್‌ಪುಟ್ಸ್ ಎಂದು ಹೆಸರು. ಆಜ್ಞೆಯೇನೋ ಅತ್ಯಲ್ಪವಾದುದು; ಆದರೆ ಅದರ ನಡತೆಯನ್ನು ಅರಿಯಬೇಕಾದರೆ, ಸರಣಿಯು ಎಲ್ಲಿ ಮುಗಿಯಿತೆಂಬುದನ್ನು ಯಂತ್ರಕ್ಕೆ ತಿಳಿಸುವುದು ಹೇಗೆ ಎಂಬ ಪ್ರಶ್ನೆಗೆ ಸಿ ಭಾಷೆಯ ಪೂರ್ವಜರು ಕೊಟ್ಟ ಉತ್ತರವನ್ನು ಮೊದಲು ವಿಚಾರಿಸಬೇಕಾಗುತ್ತದೆ.

ಸಿ ಭಾಷೆಗೆ ಬಿ ಎಂಬುದು ಜನನಿ. ಬಿ ಭಾಷೆಗೆ ಬಿ.ಸಿ.ಪಿ.ಎಲ್. ಎಂಬುದು ಮೂಲ. ಮಾರ್ಟಿನ್ ರಿಚರ್ಡ್ಸ್ ರಚಿಸಿದ ಬಿ.ಸಿ.ಪಿ.ಎಲ್. ಭಾಷೆಯಲ್ಲಿ ಪ್ರತಿಯೊಂದು ಸರಣಿಯ ಶಿರಸ್ಸಿನಲ್ಲಿಯೂ ಅದರ ಅಕ್ಷರಸಂಖ್ಯೆಯನ್ನು ನಮೂದಿಸುವ ಪದ್ಧತಿಯಿತ್ತು. ಕೆನ್ ಥಾಂಪ್ಸನ್ನರ ಬಿ ಭಾಷೆಯಲ್ಲಿ ಈ ಎಣಿಕೆಯನ್ನು ಕೈಬಿಟ್ಟು, ಸರಣಿಯ ಕೊನೆಯಲ್ಲಿ ಒಂದು ವಿಶೇಷಚಿಹ್ನೆಯನ್ನು ಇಡಲಾಯಿತು. ಸಿ ಭಾಷೆಯಲ್ಲಿ ಆ ಚಿಹ್ನೆಯು ಶೂನ್ಯವಾಯಿತು. ಈ ಮಾರ್ಪಾಟಿಗೆ ರಿಚಿಯವರು 1993ರಲ್ಲಿ ಬರೆದ ಚರಿತ್ರೆಯಲ್ಲಿ ಎರಡು ಕಾರಣಗಳನ್ನು ಹೇಳಿದ್ದಾರೆ. ಎಣಿಕೆಗೆ ಮೀಸಲಾದ ಸ್ಥಳವು 8 ಅಥವಾ 9 ಬಿಟ್ಟುಗಳಷ್ಟೇ ಆಗಿದ್ದುದರಿಂದ ಸರಣಿಯ ಉದ್ದಕ್ಕೆ ಮಿತಿಯೊದಗುತ್ತಿತ್ತು, ಎಂದರೆ 8 ಬಿಟ್ಟುಗಳಲ್ಲಿ 255ಕ್ಕೆ ಮೀರಿದ ಸಂಖ್ಯೆಯು ಹಿಡಿಸದು; ಇದು ಒಂದು. ಎಣಿಕೆಯನ್ನು ಕಾಪಾಡುತ್ತ ಹೋಗುವುದಕ್ಕಿಂತ ಅಂತ್ಯಚಿಹ್ನೆಯೇ ಸುಲಭವೆಂದು ಅನುಭವದಿಂದ ತೋರಿದುದು ಮತ್ತೊಂದು. ಈ ಎರಡನೆಯ ಕಾರಣವು ಸೌಕರ್ಯದ ಮಾತೇ ಹೊರತು ಸಿದ್ಧಾಂತದ ಮಾತಲ್ಲವೆಂಬುದು ಗಮನಾರ್ಹವಾಗಿದೆ.

ಇನ್ನು ಕಡತದ ವಿಷಯ. ಮೈಕ್ ಲೆಸ್ಕ್ ಎಂಬವರು 1972ರ ಸುಮಾರಿನಲ್ಲಿ ರಚಿಸಿದ ಒಂದು ಲೇಖನ-ವಾಚನ ಸಾಮಗ್ರಿಯೇ ಪರಿಷ್ಕೃತವಾಗಿ, 1979ರಲ್ಲಿ ಹೊರಬಿದ್ದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಪ್ರಮಾಣಭೂತವಾದ ರೂಪದಲ್ಲಿ ಕಾಣಿಸಿಕೊಂಡಿತು. ಎಫ್‌ಪುಟ್ಸ್ ಸರಣಿಯ ಮೊದಲಿನಿಂದ ಅಕ್ಷರಗಳನ್ನು ಒಂದೊಂದಾಗಿ ಪ್ರವಾಹಕ್ಕೆ ಬಿಡುತ್ತ ಹೋಗಿ, ಶೂನ್ಯವು ಎದುರಾದೊಡನೆ ನಿಲ್ಲುತ್ತದೆ. ಆ ಶೂನ್ಯವನ್ನು ಮಾತ್ರ ಬರೆಯುವುದಿಲ್ಲ. ಸ್ಮೃತಿಯಲ್ಲಿ ಸರಣಿಗೆ ಎಲ್ಲೆಯಾಗಿದ್ದುದು ಕಡತದಲ್ಲಿ ಕುರುಹಿಲ್ಲದೆ ಹೋಗುತ್ತದೆ. ಆದಕಾರಣ ಎರಡು ಸರಣಿಗಳನ್ನು ಒಂದಾದಮೇಲೊಂದು ಬರೆಯಿಸಿದರೆ, ಎರಡಕ್ಕೂ ನಡುವಣ ಸಂಧಿಯನ್ನು ಕಡತದಿಂದ ಕಂಡುಹಿಡಿಯುವುದು ಸಾಧ್ಯವಿಲ್ಲ. ಪದವಿಭಾಗವಿಲ್ಲದ ಓಲೆಯ ಪ್ರತಿಗಳನ್ನು ಸಂಪಾದಿಸಿದವರಿಗೆ ಈ ಸಂಕಟವು ಹೊಸದಲ್ಲ.

ಆದರೆ ಪುಟ್ಸ್ ಎಂಬ ಸಹೋದರ ಆಜ್ಞೆಯು ತಾನಾಗಿಯೇ ಸಾಲಿನ ಕೊನೆಯ ಗುರುತನ್ನು ಸೇರಿಸುತ್ತದೆ. ಈ ಭೇದವನ್ನು ಏಳನೆಯ ಆವೃತ್ತಿಯ ಕೈಪಿಡಿಯೇ ದೋಷಗಳ ಶೀರ್ಷಿಕೆಯ ಕೆಳಗೆ ಪಟ್ಟಿಮಾಡಿ, ಹಳೆಯ ಬಳಕೆಗೆ ಭಂಗಬಾರದಿರಲೆಂದು ಹೀಗಿರುವುದೆಂದು ಒಪ್ಪಿಕೊಂಡಿದೆ. ಓದುವ ಆಜ್ಞೆಗಳೊಡನೆ ಜೋಡಿಸಿ ನೋಡಿದರೆ ಭೇದದಲ್ಲಿ ಒಂದು ಕ್ರಮವೂ ಉಂಟು: ಗೆಟ್ಸ್ ಸಾಲಿನ ಗುರುತನ್ನು ಕಳೆಯುತ್ತದೆ, ಪುಟ್ಸ್ ಕೂಡಿಸುತ್ತದೆ, ಎಫ್‌ಗೆಟ್ಸ್ ಅದನ್ನು ಇದ್ದಂತೆ ಉಳಿಸುತ್ತದೆ, ಎಫ್‌ಪುಟ್ಸ್ ಇದ್ದಂತೆ ಬರೆಯುತ್ತದೆ. ಪ್ರವಾಹದ ಹೆಸರನ್ನು ಎಫ್‌ಪುಟ್ಸ್ ಕೊನೆಯಲ್ಲಿಯೂ ಎಫ್‌ಪ್ರಿಂಟ್‌ಎಫ್ ಮೊದಲಲ್ಲಿಯೂ ಬೇಡುವುದಕ್ಕೆ ಮಾತ್ರ ಇಂಥ ಸಮಾಧಾನವನ್ನು ಹೇಳುವುದು ಕಷ್ಟ.

ಎಣಿಕೆಯನ್ನು ಬಿಟ್ಟುದರ ಫಲವು ಬರೆಯುವ ಕಡೆಗಿಂತ ಓದುವ ಕಡೆಯಲ್ಲಿಯೇ ಘೋರವಾಗಿ ಕಂಡಿತು. ಗೆಟ್ಸ್ ಆಜ್ಞೆಗೆ ತನ್ನ ಪಾತ್ರೆಯ ಅಳತೆಯೇ ತಿಳಿಯದು; ಬಂದುದನ್ನೆಲ್ಲ ಸುರಿದುಕೊಂಡು ಪಕ್ಕದ ಸ್ಥಳವನ್ನು ಕೆಡಿಸುತ್ತದೆ. 1988ರ ನವೆಂಬರ್ 2ರಂದು ಹರಡಿದ ಮಾರಿಸ್ ಹುಳುವೆಂಬ ಉಪದ್ರವವು ಯಂತ್ರಗಳನ್ನು ಹೊಕ್ಕ ದಾರಿಗಳಲ್ಲಿ ಇದೂ ಒಂದು. ಹಾಗಿದ್ದರೂ 1989ರ ಅಮೆರಿಕದ ಪ್ರಮಾಣಗ್ರಂಥವು ಗೆಟ್ಸನ್ನು ಉಳಿಸಿಕೊಂಡಿತು. ಅದನ್ನು ತೆಗೆದುಹಾಕಿದುದು 2011ರ ಅಂತಾರಾಷ್ಟ್ರೀಯ ಪ್ರಮಾಣದಲ್ಲಿ.

ಅಂತ್ಯಚಿಹ್ನೆಯ ಚರಿತ್ರೆಯು ಕನ್ನಡ ಲಿಪಿಗೆ ತಾಗುವುದು ಇಲ್ಲಿಂದ ಮುಂದೆ. 1991ರ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಸಂಕೇತವೊಂದಕ್ಕೆ ಎರಡೆರಡು ಬೈಟುಗಳಂತೆ ಬರೆದರೆ, ಪದಗಳ ನಡುವಣ ತೆರಪಿನ ಒಂದು ಬೈಟು ಶೂನ್ಯವೇ ಆಗುತ್ತದೆ. ಎಫ್‌ಪುಟ್ಸ್ ಅದನ್ನು ಸರಣಿಯ ಕೊನೆಯೆಂದು ತಿಳಿದು ಮೊದಲ ಪದದ ಬಳಿಯಲ್ಲಿಯೇ ನಿಂತುಬಿಡುತ್ತದೆ. 1992ರ ಸೆಪ್ಟೆಂಬರಿನಲ್ಲಿ ಥಾಂಪ್ಸನ್ನರು ರಾಬ್ ಪೈಕರೊಡಗೂಡಿ ಯು.ಟಿ.ಎಫ್-8 ಎಂಬ ಕ್ರಮವನ್ನು ರಚಿಸಿದಾಗ, ಯಾವ ಲಿಪಿಯ ಅಕ್ಷರದೊಳಗೂ ಶೂನ್ಯದ ಬೈಟು ಬಾರದಂತೆ ನೋಡಿಕೊಂಡರು. ಬಿ ಭಾಷೆಯಲ್ಲಿ ಎಣಿಕೆಯನ್ನು ಬಿಟ್ಟು ಅಂತ್ಯಚಿಹ್ನೆಯನ್ನು ಹಿಡಿದವರೇ, ಎರಡು ದಶಕಗಳ ತರುವಾಯ, ಜಗತ್ತಿನ ಲಿಪಿಗಳು ಅದರಿಂದ ತುಂಡಾಗದಂತೆ ಉಪಾಯಮಾಡಿದರೆಂಬುದು ಸ್ವಾರಸ್ಯವಾಗಿದೆ.

ಯು.ಟಿ.ಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರಕ್ಕೆ ಬೇಕಾದ ಹಲಂತಚಿಹ್ನೆಯೂ ಸೇರಿ ಐದು ಸಂಕೇತಗಳಿರುವುದರಿಂದ, ಎಫ್‌ಪುಟ್ಸ್ ಬರೆಯುವುದು 15 ಬೈಟುಗಳು. ಅವು ಅಕ್ಷರಗಳೆಂಬುದೇ ಅದಕ್ಕೆ ತಿಳಿಯದು. 10 ಬೈಟುಗಳೂ ಒಂದು ಶೂನ್ಯವೂ ಹಿಡಿಸುವ ಪಾತ್ರೆಗೆ ಎಫ್‌ಗೆಟ್ಸ್ ಈ ಪದವನ್ನು ಓದಿಕೊಂಡರೆ, ಎರಡನೆಯ ನಕಾರವು ತನ್ನ ಮೊದಲ ಬೈಟಿನ ಬಳಿಯಲ್ಲಿಯೇ ಕಡಿದುಹೋಗುತ್ತದೆ. ಉಳಿದುದನ್ನು ಮತ್ತೆ ಓದಿ, ಎರಡು ತುಂಡುಗಳನ್ನೂ ಎಫ್‌ಪುಟ್ಸಿನಿಂದ ಕ್ರಮವಾಗಿ ಬರೆಯಿಸಿದರೆ, ನಡುವೆ ಯಾವ ಗುರುತೂ ಬೀಳದ ಕಾರಣ ನಕಾರವು ಕಡತದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ; ಪುಟ್ಸಿನಿಂದ ಬರೆಯಿಸಿದರೆ ಸಾಲಿನ ಗುರುತು ನಡುವೆ ನುಸುಳಿ ಅಕ್ಷರವು ಒಡೆದೇ ಉಳಿಯುತ್ತದೆ.