ಸೆರೆಮನೆಯ ನೆಲದ ಮೇಲೊಂದು ಜೀರುಂಡೆ

ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ತನ್ನ ಹಿತ್ತಿಲಿನ ರಾಸ್ಪ್‌ಬೆರಿ ಹಣ್ಣುಗಳಲ್ಲಿ ಹುಳು ಬಿದ್ದಿದೆಯೆಂದು ಬರೆದು, ಅದರ ಕುಲಗೋತ್ರ ವಿಚಾರಿಸಿದ್ದಾನೆ. ಉತ್ತರ ಉಳಿದವರಿಗೂ ರುಚಿಸಬಹುದೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಅದು ಬೈಟ್ಯೂರಸ್ ಟೊಮೆಂಟೋಸಸ್ ಎಂಬ ಜೀರುಂಡೆಯ ಮರಿ. ಜೀರುಂಡೆ ನಾಲ್ಕು ಮಿಲಿಮೀಟರಿನಷ್ಟು ಉದ್ದ. ಮೈತುಂಬ ನವಿರಾದ ರೋಮ. ಮೊಗ್ಗು, ಪರಾಗಗಳನ್ನು ತಿಂದು ಹೂವಿನಲ್ಲಿಯೇ ಮೊಟ್ಟೆಯಿಡುತ್ತದೆ. ಹುಳು ಹಣ್ಣಿನೊಳಗೆ ಬೆಳೆದು, ಮಣ್ಣಿಗಿಳಿದು ಕೋಶವಾಗುತ್ತದೆ. ಇದರ ಕುಟುಂಬ ತೀರ ಚಿಕ್ಕದು. ಇಡೀ ಜಗತ್ತಿನಲ್ಲಿ ಸುಮಾರು ಎರಡು ಡಜನ್ ಪ್ರಭೇದಗಳಷ್ಟೆ.

ಸ್ವೀಡನ್ನಿನ ಶ್ರೀಮಂತ, ಕಬ್ಬಿಣದ ಕಾರ್ಖಾನೆಗಳ ಒಡೆಯ ಷಾರ್ಲ್ ದ ಗೇರ್ 1774ರಲ್ಲಿ ಇದನ್ನು ವರ್ಣಿಸಿ, ಚರ್ಮ ತಿನ್ನುವ ಡರ್ಮೆಸ್ಟಿಸ್ ಜೀರುಂಡೆಗಳ ಸಾಲಿಗೆ ಸೇರಿಸಿದ. ಹೂವಿನ ಅತಿಥಿಗೆ ತೊಗಲಿನ ಅಂಗಡಿಯಲ್ಲಿ ವಾಸ! ಅಲ್ಲಿಂದ ಬಿಡಿಸಿ ಬೈಟ್ಯೂರಸ್ ಎಂಬ ಪ್ರತ್ಯೇಕ ಕುಲವನ್ನು ಕಟ್ಟಿದವನು ಫ್ರಾನ್ಸಿನ ಪಾದ್ರಿ ಪಿಯೆರ್ ಆಂದ್ರೆ ಲಾತ್ರೈ. 1796ರ ಹೊತ್ತಿಗೆ ಅಚ್ಚಾದ ಆ ಗ್ರಂಥವು ಹೊರಬರುವುದೇ ಅನುಮಾನವಾಗಿತ್ತು.

ಕ್ರಾಂತಿಯ ಸರ್ಕಾರ ಪಾದ್ರಿಗಳಿಂದ ಪ್ರಭುತ್ವನಿಷ್ಠೆಯ ಪ್ರಮಾಣವಚನವನ್ನು ಕೇಳಿತು. ವಚನ ನೀಡದ ಲಾತ್ರೈ ಬೋರ್ಡೋ ನಗರದ ಸೆರೆಮನೆ ಸೇರಿದ. ಒಂದು ದಿನ ಕೈದಿಗಳ ತಪಾಸಣೆಗೆಂದು ವೈದ್ಯರು ಬಂದಾಗ, ಆತ ನೆಲದ ಮೇಲಿನ ಪುಟ್ಟ ಜೀರುಂಡೆಯೊಂದನ್ನು ತದೇಕಚಿತ್ತದಿಂದ ನೋಡುತ್ತಿದ್ದನಂತೆ. ಕೇಳಿದ್ದಕ್ಕೆ, ಬಹಳ ಅಪರೂಪದ್ದೆಂದು ಉತ್ತರಿಸಿದ. ವೈದ್ಯರು ಅದನ್ನು ಬೊರಿ ದ ಸೇಂಟ್ ವಿನ್ಸೆಂಟ್ ಎಂಬ ತರುಣನಿಗೆ ಒಪ್ಪಿಸಿದರು. ಹದಿಹರೆಯದಲ್ಲಿದ್ದ ಆ ಕೀಟಾಸಕ್ತನಿಗೆ ಲಾತ್ರೈನ ಹೆಸರು ಮೊದಲೇ ಗೊತ್ತಿತ್ತು. ಅವನೂ ಅವನ ಕಡೆಯವರೂ ಓಡಾಡಿ ಬಿಡುಗಡೆ ಮಾಡಿಸಿದರು. ನಾನು ಇಡೀ ಕಥೆಯಲ್ಲಿ ಬಹುವಾಗಿ ಮೆಚ್ಚುವುದು ಈ ಹುಡುಗನನ್ನೇ. ಆ ಜೀರುಂಡೆಯ ಹೆಸರು ನೆಕ್ರೋಬಿಯಾ ರೂಫಿಕಾಲಿಸ್. ಒಣಮಾಂಸ, ಮೂಳೆಗಳನ್ನು ಆಶ್ರಯಿಸುವ ಜೀವಿ. 1833ರಲ್ಲಿ ತೀರಿಕೊಂಡ ಲಾತ್ರೈನ ಸಮಾಧಿಯ ಮೇಲೆ ಅದರ ಹೆಸರನ್ನೂ ಕೆತ್ತಲಾಗಿದೆ.

ಬೈಟ್ಯೂರಸ್‌ನ ವಿಳಾಸ ಮಾತ್ರ ಇತ್ಯರ್ಥವಾಗಲಿಲ್ಲ. ಅದರ ಹತ್ತಿರದ ಬಂಧುಗಳಾದ ಬೈಫಿಲ್ಲಿಡೇ ಕುಟುಂಬದವು ಶಿಲೀಂಧ್ರವಾಸಿಗಳು. ಅವುಗಳಲ್ಲೊಂದು ಇಂಗ್ಲೆಂಡಿನಲ್ಲಿ ಆ್ಯಶ್ ಮರದ ಮೇಲೆ ಇದ್ದಿಲುಂಡೆಯಂತೆ ಬೆಳೆಯುವ ಅಣಬೆಯಲ್ಲಿ ವಾಸಿಸುತ್ತದೆ. ಒಂದು ಹಣ್ಣಿನಲ್ಲಿ, ಇನ್ನೊಂದು ಅಣಬೆಯಲ್ಲಿ. ಇವೆರಡನ್ನೂ ಎಲ್ಲಿಡಬೇಕೆಂದು ವಿದ್ವಾಂಸರು ಬಹುಕಾಲ ಚರ್ಚಿಸಿದರು. ಕೊನೆಗೆ 2015ರಲ್ಲಿ, ಡಿಎನ್ಎ ಆಧಾರದ ವರ್ಗೀಕರಣವು ಎರಡನ್ನೂ ಕ್ಲೆರಾಯ್ಡಿಯಾ ಮಹಾಕುಟುಂಬಕ್ಕೆ ಸೇರಿಸಿತು. ಲಾತ್ರೈನ ಪ್ರಾಣ ಉಳಿಸಿದ ನೆಕ್ರೋಬಿಯಾ ಇರುವುದೂ ಅದೇ ಮಹಾಕುಟುಂಬದಲ್ಲಿ.