ಕೈಯಗಲದ ಸ್ಕ್ಯಾನರು, ಊರಗಲದ ಗದ್ದಲ

ಸ್ಕ್ಯಾನರ್ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವುದು ಚೆನ್ನಾಗಿ ಹಿಡಿಯುತ್ತದೆ? ಪೊಲೀಸ್, ಅಗ್ನಿಶಾಮಕ ದಳ, ರೈಲು, ವಿಮಾನ ಎಂದು ಹತ್ತಾರು ಚಾನೆಲ್‌ಗಳ ಮೇಲೆ ಸುತ್ತು ಹಾಕುತ್ತ, ಮಾತು ಕೇಳಿದಲ್ಲಿ ಗಕ್ಕನೆ ನಿಲ್ಲುವ ಈ ಕೈ ರೇಡಿಯೋ ಅಮೆರಿಕದಲ್ಲಿ ಅರ್ಧ ಶತಮಾನದ ಹವ್ಯಾಸ. ಪ್ರಶ್ನೆ ಅಂದಿನದೇ. ಅದಕ್ಕೆ ಉತ್ತರ ಹೇಳುವ ಅಳತೆಗೋಲು ಮಾತ್ರ ದಶಕಕ್ಕೊಮ್ಮೆ ಕೈಕೊಡುತ್ತ ಬಂದಿದೆ.

ಕಂಪನಿಗಳು ಕೈಪಿಡಿಯಲ್ಲಿ ಅಚ್ಚು ಹಾಕುವ ಸಂಖ್ಯೆ ಮೈಕ್ರೋವೋಲ್ಟಿನದು. ಅದನ್ನು ಅಳೆಯುವ ಬಗೆ ಹೀಗೆ: ಸ್ಕ್ಯಾನರಿನ ಆಂಟೆನಾ ಬಿಚ್ಚಿ, ಅದೇ ಜಾಗಕ್ಕೆ ಕೇಬಲ್ ಮೂಲಕ ಸಿಗ್ನಲ್ ಜನರೇಟರ್ ಜೋಡಿಸುತ್ತಾರೆ. ಜನರೇಟರಿನಿಂದ ಸಾವಿರ ಹರ್ಟ್ಸ್‌ನ ಒಂದೇ ಸ್ವರ ಹೊರಡುತ್ತದೆ. ಸ್ಪೀಕರಿನ ಕಡೆ ಕೂತ ಮೀಟರು ಆ ಸ್ವರವನ್ನು ಸೋಸಿ ತೆಗೆದು, ಉಳಿದ ಗದ್ದಲ ಎಷ್ಟೆಂದು ನೋಡುತ್ತದೆ. ಸಿಗ್ನಲನ್ನು ಇಳಿಸುತ್ತ ಹೋದಂತೆ ಗದ್ದಲ ಏರುತ್ತದೆ. ಅದು ಒಟ್ಟು ಧ್ವನಿಯ ಕಾಲುಭಾಗಕ್ಕೆ ಮುಟ್ಟಿದಾಗ ಮುಳ್ಳು 12 ಡೆಸಿಬೆಲ್ ಸಿನಾಡ್ (ಒಟ್ಟು ಧ್ವನಿಗೂ ಗದ್ದಲಕ್ಕೂ ಇರುವ ಅನುಪಾತ) ತೋರಿಸುತ್ತದೆ. ಆ ಕ್ಷಣಕ್ಕೆ ಜನರೇಟರ್ ಕೊಡುತ್ತಿದ್ದ ವೋಲ್ಟೇಜೇ ಸ್ಕ್ಯಾನರಿನ ಸೆನ್ಸಿಟಿವಿಟಿ; ಕಡಿಮೆಯಿದ್ದಷ್ಟೂ ಕಿವಿ ಚೂಟಿ. ಒಳ್ಳೆಯ ಕೈ ಸ್ಕ್ಯಾನರುಗಳಲ್ಲಿ ಇದು 0.3ರಿಂದ 0.5 ಮೈಕ್ರೋವೋಲ್ಟಿನ ಆಸುಪಾಸು. ಎರಡರ ನಡುವಿನ ಅಂತರ ನಾಲ್ಕೂವರೆ ಡೆಸಿಬೆಲ್ ಕೂಡ ಇಲ್ಲ. ಜೊತೆಗೆ ಬರುವ ಮೋಟು ರಬ್ಬರ್ ಆಂಟೆನಾ ತೆಗೆದು, 155 ಮೆಗಾಹರ್ಟ್ಸ್‌ಗೆ ಸರಿಯಾಗಿ 48 ಸೆಂಟಿಮೀಟರ್ ಎಳೆದ ಕಡ್ಡಿ ಆಂಟೆನಾ ಸಿಕ್ಕಿಸಿದರೆ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಾಣಬಹುದು. ಕೈಯಲ್ಲಿ ಹಿಡಿದ ರೇಡಿಯೋಗೆ ಹಿಡಿದವರ ಮೈಯೂ ಆಂಟೆನಾದ ಅರ್ಧ ಎಂಬುದು ಮೇಜಿನ ಮೇಲಿನ ಆ ಅಳತೆಗೆ ಗೊತ್ತೇ ಆಗುವುದಿಲ್ಲ.

1970ರ ದಶಕದ ಬಹುತೇಕ ಸ್ಕ್ಯಾನರುಗಳಿಗೆ ಪ್ರತಿ ಚಾನೆಲ್‌ಗೂ ಒಂದೊಂದು ಕ್ರಿಸ್ಟಲ್ ಬೇಕಿತ್ತು. ಊರಿನ ಪೊಲೀಸರಿಗೊಂದು, ಅಗ್ನಿಶಾಮಕ ದಳಕ್ಕೊಂದು ಎಂದು ಅಂಗಡಿಯಿಂದ ತಂದು ಸಿಕ್ಕಿಸಬೇಕು. ನಾಲ್ಕೋ ಎಂಟೋ ಚಾನೆಲ್‌ಗೆ ಜೇಬು ಹಗುರಾಗುತ್ತಿತ್ತು. ಇಂಡಿಯಾನಾ ರಾಜ್ಯದ ಎಲೆಕ್ಟ್ರಾ ಮತ್ತು ರೀಜೆನ್ಸಿ ಕಂಪನಿಗಳು ಆಗ ಮುಂಚೂಣಿಯಲ್ಲಿದ್ದವು. ಸಾಧು ಯಂತ್ರಗಳವು. ಕೇಳಬೇಕಾದ ಕಿರಿದಾದ ಪಟ್ಟಿಗಷ್ಟೇ ಮುಂಭಾಗದ ಸರ್ಕ್ಯೂಟನ್ನು ಶ್ರುತಿ ಮಾಡಿರುತ್ತಿದ್ದರಿಂದ ಬೇಡದ ಸ್ಟೇಷನ್‌ಗಳು ಬಾಗಿಲಲ್ಲೇ ನಿಲ್ಲುತ್ತಿದ್ದವು. ಅನುಕೂಲದಲ್ಲಿ ಹಿಂದಿದ್ದರೂ ಗದ್ದಲದ ಊರಿನಲ್ಲಿ ಅವು ತಮ್ಮ ಮೊಮ್ಮಕ್ಕಳಿಗಿಂತ ಶಿಸ್ತಾಗಿ ಕೇಳುತ್ತಿದ್ದವು ಎಂದರೆ ಹಳೆಯದರ ಮೇಲಿನ ಮೋಹದ ಮಾತಲ್ಲ.

ಎಲೆಕ್ಟ್ರಾದ ಬೇರ್‌ಕ್ಯಾಟ್ 210 ಕೀಲಿಮಣೆ ತಂದಿತು; ಕ್ರಿಸ್ಟಲ್ ಬೇಡ, ಅಂಕಿ ಒತ್ತಿದರೆ ಸಾಕು. 1980ರ ದಶಕದ ಆರಂಭಕ್ಕೆ ಹದಿನಾರು ಚಾನೆಲ್‌ಗಳ ಬೇರ್‌ಕ್ಯಾಟ್ 100 ಅದನ್ನೇ ಅಂಗೈಗೆ ಇಳಿಸಿತು. ಮುಂದೆ ಬೇರ್‌ಕ್ಯಾಟ್ ಹೆಸರು ಜಪಾನಿನ ಯುನಿಡೆನ್ ಪಾಲಾಯಿತು. ಆದರೆ ಯಾವ ಫ್ರೀಕ್ವೆನ್ಸಿ ಬೇಕಾದರೂ ಒತ್ತಬಹುದೆಂದ ಮೇಲೆ ಬಾಗಿಲೂ ಅಷ್ಟೇ ಅಗಲ ತೆರೆದಿರಬೇಕಲ್ಲ. ಅಲ್ಲಿಂದ ಶುರುವಾಯಿತು ಇಮೇಜ್ ಕಾಟ.

ಸ್ಕ್ಯಾನರು ಬರುವ ಸಿಗ್ನಲನ್ನು ನೇರವಾಗಿ ಕೇಳುವುದಿಲ್ಲ. ಒಳಗಿನ ಆಸಿಲೇಟರಿನ ಜೊತೆ ಬೆರೆಸಿ, 10.7 ಮೆಗಾಹರ್ಟ್ಸ್‌ನಂಥ ಒಂದು ಸ್ಥಿರ ಫ್ರೀಕ್ವೆನ್ಸಿಗೆ ಇಳಿಸಿಕೊಳ್ಳುತ್ತದೆ. ತೊಡಕೆಂದರೆ, ಆಸಿಲೇಟರಿನ ಮೇಲೂ ಕೆಳಗೂ ಅಷ್ಟೇ ದೂರದಲ್ಲಿರುವ ಎರಡು ಸಿಗ್ನಲ್‌ಗಳು ಒಂದೇ ಜಾಗಕ್ಕೆ ಬಂದು ಬೀಳುತ್ತವೆ. ಬೇಡದ ಆ ಎರಡನೆಯದೇ ಇಮೇಜ್. 131 ಮೆಗಾಹರ್ಟ್ಸ್‌ನಲ್ಲಿ ಪೈಲಟ್ ಮಾತು ಕೇಳಲು ಕೂತವನಿಗೆ 21.4 ಮೆಗಾಹರ್ಟ್ಸ್ ಮೇಲೆ, ಅಂದರೆ 152.4ರ ಹತ್ತಿರ, ಊರಿನ ಪೇಜರ್ ಟವರ್ ಇದ್ದರೆ ಮುಗಿಯಿತು: ವಿಮಾನದ ಬದಲು ಪೇಜರಿನ ಕರ್ಕಶ ಸದ್ದು. 0.3 ಮೈಕ್ರೋವೋಲ್ಟಿನ ಚೂಟಿ ಕಿವಿ ಇಲ್ಲಿ ಶಾಪವೇ ಸರಿ. ಇದಕ್ಕೆ ಎಂಜಿನಿಯರುಗಳು ಕಂಡ ದಾರಿ ಎಂದರೆ ಮೊದಲ ಇಳಿಕೆಯನ್ನೇ ಏರಿಕೆ ಮಾಡುವುದು. ಅಮೆರಿಕದ ಎಲೆಕ್ಟ್ರಾನಿಕ್ಸ್ ಅಂಗಡಿ ಸರಣಿ ರೇಡಿಯೋ ಶ್ಯಾಕ್ 1980ರ ದಶಕದ ಉತ್ತರಾರ್ಧದಲ್ಲಿ ಮಾರಿದ ಮೇಜಿನ ಮಾದರಿ ಪ್ರೋ-2004 ಸಿಗ್ನಲನ್ನು ಮೊದಲು 600 ಮೆಗಾಹರ್ಟ್ಸ್‌ಗೂ ಮೇಲೆ ಎತ್ತಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಿತ್ತು. ಇಮೇಜ್ ಬಲು ದೂರ ಹೋಗಿ ಬೀಳುತ್ತಿತ್ತು. ಮೂರು ಹಂತದ ಈ ಬದಲಾವಣೆ ಮುಂದೆ ಪ್ರೋ-43ರಂಥ ಕೈ ಸ್ಕ್ಯಾನರುಗಳಿಗೂ ಬಂತು.

ಅದೇ ಪ್ರೋ-2004ರ ಒಳಗಿನ ಒಂದು ಡಯೋಡ್ ಕತ್ತರಿಸಿದರೆ ಮೊಬೈಲ್ ಫೋನಿನ ಮಾತುಗಳೂ ಕೇಳುತ್ತಿದ್ದವು. ಅನಲಾಗ್ ಫೋನಿನ ಕಾಲ ಅದು. 1992ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು. 1994ರ ಏಪ್ರಿಲ್‌ನಿಂದ 800 ಮೆಗಾಹರ್ಟ್ಸ್‌ನ ಮೊಬೈಲ್ ಪಟ್ಟಿ ಕೇಳಿಸುವ ಸ್ಕ್ಯಾನರುಗಳ ತಯಾರಿಕೆ, ಆಮದು ಎರಡೂ ನಿಂತವು. ಹಾಗಿದ್ದೂ 1996ರ ಡಿಸೆಂಬರಿನಲ್ಲಿ ಫ್ಲಾರಿಡಾದ ದಂಪತಿ ಅಮೆರಿಕದ ಪ್ರತಿನಿಧಿ ಸಭೆಯ ಅಧ್ಯಕ್ಷ ನ್ಯೂಟ್ ಗಿಂಗ್ರಿಚ್ ಮತ್ತು ಸಹೋದ್ಯೋಗಿಗಳ ಫೋನ್ ಮಾತುಕತೆಯನ್ನು ಸ್ಕ್ಯಾನರಿನಿಂದ ಹಿಡಿದು ಧ್ವನಿಮುದ್ರಿಸಿದರು. ಅದು ಪತ್ರಿಕೆಯ ಮುಖಪುಟಕ್ಕೂ, ಆಮೇಲೆ ನ್ಯಾಯಾಲಯಕ್ಕೂ ಹೋಯಿತು.

ಪಟ್ಟಿ ಮುಚ್ಚಿದರೂ ಇಮೇಜ್ ಎಂಬ ಹಿತ್ತಲ ಬಾಗಿಲು ತೆರೆದೇ ಇತ್ತು. ಬೇರೊಂದು ಫ್ರೀಕ್ವೆನ್ಸಿ ಒತ್ತಿದರೆ ಮೊಬೈಲ್ ಮಾತು ಅಲ್ಲಿ ಇಮೇಜಾಗಿ ಕೇಳುತ್ತಿತ್ತು. ಅದನ್ನೂ ಮುಚ್ಚಲು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 1999ರಲ್ಲಿ ಹೊಸ ನಿಯಮ ತಂದಿತು. ಮೊಬೈಲ್ ಪಟ್ಟಿಯ ಸಿಗ್ನಲನ್ನು ಸ್ಕ್ಯಾನರು ಕನಿಷ್ಠ 38 ಡೆಸಿಬೆಲ್ ಮಟ್ಟಿಗೆ ತಿರಸ್ಕರಿಸಬೇಕು, ಅಳತೆ 12 ಡೆಸಿಬೆಲ್ ಸಿನಾಡ್‌ನಲ್ಲೇ ಆಗಬೇಕು. ಪರೀಕ್ಷಾ ಮೇಜಿನ ಭಾಷೆಯನ್ನು ಕಾನೂನು ಎರವಲು ಪಡೆದ ಅಪರೂಪದ ಸಂದರ್ಭ ಇದು. ಗೋಪ್ಯತೆಗಾಗಿ ಬಂದ ನಿಯಮ ರೇಡಿಯೋದ ಗುಣಮಟ್ಟಕ್ಕೂ ಕನಿಷ್ಠ ಮಟ್ಟದ ಗೆರೆ ಎಳೆದುಬಿಟ್ಟಿತು.

ಜಪಾನಿನ ಕಂಪನಿಗಳು ಇದೇ ಕಾಲಕ್ಕೆ ಬೇರೊಂದು ಓಟಕ್ಕೆ ಬಿದ್ದಿದ್ದವು. ಯೂಪಿಟೆರು ಎಂವಿಟಿ-7100 ಮಧ್ಯಮ ತರಂಗದಿಂದ 1650 ಮೆಗಾಹರ್ಟ್ಸ್‌ವರೆಗೆ, ಎಒಆರ್‌ನ ಎಆರ್8000 ಅರ್ಧ ಮೆಗಾಹರ್ಟ್ಸ್‌ನಿಂದ 1900ರವರೆಗೆ ಕೇಳುತ್ತಿದ್ದವು. ಯುರೋಪಿನಲ್ಲಿ ಎರಡಕ್ಕೂ ಅಭಿಮಾನಿಗಳಿದ್ದರು. ಹಳ್ಳಿಯ ಗುಡ್ಡದ ಮೇಲೆ ಅದ್ಭುತ. ನಗರದ ನಡುವೆ ನಿಂತರೆ ಎಫ್‌ಎಂ ಸ್ಟೇಷನ್‌ಗಳೂ ಪೇಜರುಗಳೂ ಒಟ್ಟಿಗೆ ನುಗ್ಗಿ ಮುಂಭಾಗದ ಸರ್ಕ್ಯೂಟನ್ನು ಉಸಿರುಗಟ್ಟಿಸುತ್ತಿದ್ದವು. ಹವ್ಯಾಸಿಗಳು ಇದನ್ನು ಓವರ್‌ಲೋಡ್ ಎನ್ನುತ್ತಾರೆ. ದೊಡ್ಡ ಆಂಟೆನಾ ಹಾಕಿದಷ್ಟೂ ಕಿವುಡು ಹೆಚ್ಚು. ಅಟೆನುಯೇಟರ್ ಒತ್ತಿ ಸಿಗ್ನಲನ್ನು ಬೇಕೆಂದೇ ದುರ್ಬಲಗೊಳಿಸಿದರೆ ಮಾತು ಸ್ಪಷ್ಟವಾಗುತ್ತಿತ್ತು. ಒಂದೇ ರೇಡಿಯೋ ಒಂದು ಊರಿನಲ್ಲಿ ಮೊದಲ ಸ್ಥಾನ, ಇನ್ನೊಂದರಲ್ಲಿ ಕೊನೆಯದು. ಸೆನ್ಸಿಟಿವಿಟಿ ಒಂದನ್ನೇ ಸಾಲಾಗಿ ಬರೆದ ಹೋಲಿಕೆ ಪಟ್ಟಿಗಳು ಅರ್ಥ ಕಳೆದುಕೊಂಡದ್ದು ಇಲ್ಲೇ. ಅಮೆರಿಕದ ಮಾನಿಟರಿಂಗ್ ಟೈಮ್ಸ್ ಮಾಸಿಕದಂಥ ಕಡೆ ಗಂಭೀರ ವಿಮರ್ಶಕರು ಇಮೇಜ್, ಪಕ್ಕದ ಚಾನೆಲ್, ಸ್ಕ್ಯಾನ್ ವೇಗಗಳನ್ನೂ ಅಳೆಯತೊಡಗಿದರು.

ಪಕ್ಕದ ಚಾನೆಲ್ಲಿನ ಪ್ರಶ್ನೆ 2013ರಲ್ಲಿ ಇನ್ನಷ್ಟು ಮೊನಚಾಯಿತು. ಅಮೆರಿಕದಲ್ಲಿ 512 ಮೆಗಾಹರ್ಟ್ಸ್‌ಗಿಂತ ಕೆಳಗಿನ ಬಹುತೇಕ ಪೊಲೀಸ್, ವ್ಯಾಪಾರಿ ಚಾನೆಲ್‌ಗಳು ಆ ವರ್ಷದ ಜನವರಿ 1ರೊಳಗೆ 25ರಿಂದ 12.5 ಕಿಲೋಹರ್ಟ್ಸ್‌ಗೆ ಕುಗ್ಗಬೇಕಾಯಿತು. ಹಳೆಯ ಸ್ಕ್ಯಾನರುಗಳ ಅಗಲ ಫಿಲ್ಟರಿನಲ್ಲಿ ಮಾತು ಪಿಸುಗುಟ್ಟಿದಂತೆ ಸಣ್ಣಗಾಗಿ, ಪಕ್ಕದ ಸದ್ದು ಒಳಗೆ ಇಣುಕಿತು.

ನಿಜವಾದ ತಿರುವು ಡಿಜಿಟಲ್ ಕಾಲದ್ದು. ಪಿ25 ಎಂಬ ಪೊಲೀಸ್ ಡಿಜಿಟಲ್ ವಿಧಾನ ಹಿಡಿಯುವ ಯುನಿಡೆನ್ ಮತ್ತು ರೇಡಿಯೋ ಶ್ಯಾಕ್ ಸ್ಕ್ಯಾನರುಗಳು 2003ರ ಹೊತ್ತಿಗೆ ಮಾರುಕಟ್ಟೆಗೆ ಬಂದವು. ಜೊತೆಗೇ ಬಂತು ವಿಚಿತ್ರ ದೂರು: ಟವರ್ ಕಣ್ಣೆದುರು ಇದೆ, ಮೀಟರಿನಲ್ಲಿ ಎಲ್ಲ ಗೆರೆಗಳೂ ತುಂಬಿವೆ, ಮಾತು ಮಾತ್ರ ಚೂರುಚೂರು. ಅಪರಾಧಿ ಸೈಮಲ್‌ಕ್ಯಾಸ್ಟ್. ನಗರದ ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಮಾತನ್ನು ಏಕಕಾಲಕ್ಕೆ ಬಿತ್ತರಿಸುವ ಏರ್ಪಾಡು ಇದು. ಪಿ25ನಲ್ಲಿ ಸೆಕೆಂಡಿಗೆ 4800 ಸಂಕೇತಗಳು. ಒಂದೊಂದಕ್ಕೂ ಸಿಗುವುದು ಸುಮಾರು 208 ಮೈಕ್ರೋಸೆಕೆಂಡ್. ರೇಡಿಯೋ ಅಲೆ ಮೈಕ್ರೋಸೆಕೆಂಡಿಗೆ 300 ಮೀಟರ್ ಓಡುತ್ತದೆ. ಎರಡು ಟವರ್‌ಗಳ ದಾರಿಯಲ್ಲಿ 15 ಕಿಲೋಮೀಟರ್ ವ್ಯತ್ಯಾಸವಿದ್ದರೆ 50 ಮೈಕ್ರೋಸೆಕೆಂಡ್, ಅಂದರೆ ಒಂದು ಸಂಕೇತದ ಕಾಲುಭಾಗದಷ್ಟು ತಡ. ಎರಡೂ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಪೊಲೀಸರ ಸೆಟ್‌ಗಳು ಇದಕ್ಕೆಂದೇ ತಯಾರಾದವು, ಸಹಿಸಿಕೊಳ್ಳುತ್ತವೆ. ಸ್ಕ್ಯಾನರುಗಳೋ ಹಳೆಯ ಎಫ್‌ಎಂ ಕ್ರಮದಂತೆ ಸಿಗ್ನಲಿನ ಎತ್ತರವನ್ನು ಎಸೆದು, ಫ್ರೀಕ್ವೆನ್ಸಿಯ ಏರಿಳಿತವನ್ನಷ್ಟೇ ಇಟ್ಟುಕೊಳ್ಳುತ್ತಿದ್ದವು. ಬಿಡಿಸಲು ಬೇಕಿದ್ದ ಅರ್ಧ ಮಾಹಿತಿ ಮೊದಲೇ ಕಸದಬುಟ್ಟಿ ಸೇರಿರುತ್ತಿತ್ತು.

ಹವ್ಯಾಸಿಗಳ ಮನೆಮದ್ದು ನೋಡಬೇಕು. ಕೆಲವರು ಒಳ್ಳೆಯ ಆಂಟೆನಾ ಕಿತ್ತು ಆ ಜಾಗಕ್ಕೆ ಪೇಪರ್ ಕ್ಲಿಪ್ ಸಿಕ್ಕಿಸಿದರು. ಇನ್ನು ಕೆಲವರು ಕೋಣೆಯ ಮೂಲೆ ಮೂಲೆ ಹುಡುಕಿ, ಒಂದೇ ಟವರ್ ಮೇಲುಗೈ ಆಗುವ ಜಾಗ ಕಂಡುಕೊಂಡು ಸ್ಕ್ಯಾನರನ್ನು ಅಲ್ಲೇ ಪ್ರತಿಷ್ಠಾಪಿಸಿದರು. ಕಡಿಮೆ ಹಿಡಿದಷ್ಟೂ ಹೆಚ್ಚು ಕೇಳುವ ಕಾಲ!

ಪರಿಹಾರ ಬಂದದ್ದು ಸಾಫ್ಟ್‌ವೇರ್ ರೇಡಿಯೋದಿಂದ. ಟಿವಿ ನೋಡಲು ಮಾಡಿದ ಅಗ್ಗದ ಯುಎಸ್‌ಬಿ ಡಾಂಗಲ್ ಒಳಗಿನ ಚಿಪ್ ಕಚ್ಚಾ ಸಿಗ್ನಲನ್ನೇ ಕಂಪ್ಯೂಟರಿಗೆ ಕೊಡಬಲ್ಲದು ಎಂಬುದನ್ನು 2012ರಲ್ಲಿ ಆಂಟಿ ಪಾಲೊಸಾರಿ ಮತ್ತು ಇತರ ಡೆವಲಪರುಗಳು ಬೆಳಕಿಗೆ ತಂದರು. ಇಪ್ಪತ್ತು ಡಾಲರಿನ ಆ ತುಂಡು, ಸಿಗ್ನಲಿನ ಎತ್ತರವನ್ನೂ ಹಂತವನ್ನೂ (ಫೇಸ್) ಉಳಿಸಿಕೊಂಡು, ಐದುನೂರು ಡಾಲರಿನ ಸ್ಕ್ಯಾನರು ತಡವರಿಸಿದಲ್ಲಿ ಸಲೀಸಾಗಿ ಬಿಡಿಸಿತು. ಎಂಟು ಬಿಟ್‌ನ ಅದರ ಕಿವಿಗೆ ಓವರ್‌ಲೋಡ್ ತಡೆಯುವ ತಾಕತ್ತು ಕಮ್ಮಿ ಎನ್ನುವುದು ಬೇರೆ ಮಾತು. 2018ರಲ್ಲಿ ಯುನಿಡೆನ್ ಇದೇ ತತ್ವವನ್ನು ಎಸ್‌ಡಿಎಸ್100 ಎಂಬ ಕೈ ಸ್ಕ್ಯಾನರಿಗೆ ಅಳವಡಿಸಿತು. ಸೈಮಲ್‌ಕ್ಯಾಸ್ಟ್ ಊರುಗಳಲ್ಲಿ ಅದರ ಸಮಕ್ಕೆ ಬೇರೆ ಸ್ಕ್ಯಾನರು ನಿಲ್ಲಲಿಲ್ಲ. ಹಾಗೆಂದು ಎಲ್ಲರೂ ಹೊಗಳಲಿಲ್ಲ: ಸಾದಾ ವಿಎಚ್‌ಎಫ್, ಯುಎಚ್‌ಎಫ್ ಚಾನೆಲ್‌ಗಳಲ್ಲಿ ಹಳೆಯ ಮಾದರಿಯೇ ವಾಸಿ ಎಂಬ ದೂರು ಎದ್ದಿತು. ಕಂಪನಿ ಹೊಸ ಫರ್ಮ್‌ವೇರ್ ಮೂಲಕ ಫಿಲ್ಟರ್ ಆಯ್ಕೆಗಳನ್ನು ಕೊಟ್ಟಿತು. ಮಾರಾಟವಾದ ಮೇಲೆ ರೇಡಿಯೋದ ಕಿವಿ ತಿದ್ದುವುದು ಕ್ರಿಸ್ಟಲ್ ಕಾಲದವರಿಗೆ ಊಹೆಗೂ ನಿಲುಕದ ಸಂಗತಿ.

ಭಾರತದಲ್ಲಿ ಈ ಹೋಲಿಕೆಯ ಆಟಕ್ಕೆ ಜಾಗ ಕಿರಿದು. ನಿಸ್ತಂತು ಉಪಕರಣ ಇಟ್ಟುಕೊಳ್ಳಲು ಪರವಾನಗಿ ಬೇಕೆಂಬ 1933ರ ಕಾನೂನಿನ ನೆರಳು ದೀರ್ಘವಾಗಿತ್ತು. ಹೆಚ್ಚಾಗಿ ಪರೀಕ್ಷೆ ಪಾಸಾದ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರರಿಗೆ, ಇಲ್ಲಿ ಈ ಲೋಕದ ಪರಿಚಯ.

ಅಮೆರಿಕದಲ್ಲೂ ಕೇಳಲು ಸಿಗುವುದು ಕರಗುತ್ತಿದೆ. ನ್ಯೂಯಾರ್ಕ್ ಪೊಲೀಸರು 2023ರಲ್ಲಿ ಬ್ರೂಕ್ಲಿನ್‌ನಿಂದ ಆರಂಭಿಸಿ ತಮ್ಮ ರೇಡಿಯೋ ಮಾತನ್ನು ಗೂಢಲಿಪಿಗೆ ಒಯ್ಯತೊಡಗಿದರು. ಡೆನ್ವರ್, ಷಿಕಾಗೊ ನಗರಗಳು ಅದಕ್ಕೂ ಮೊದಲೇ ಆ ದಾರಿ ಹಿಡಿದಿದ್ದವು. ಗೂಢಲಿಪಿಯ ಮುಂದೆ ಎಸ್‌ಡಿಎಸ್100ಕ್ಕೂ ಹಳೆಯ ಬೇರ್‌ಕ್ಯಾಟ್‌ಗೂ ವ್ಯತ್ಯಾಸವಿಲ್ಲ. ಹೀಗಾಗಿ ಹವ್ಯಾಸಿಗಳು ಮತ್ತೆ ರೈಲಿನ 160 ಮೆಗಾಹರ್ಟ್ಸ್ ಕಡೆಗೂ, ಇನ್ನೂ ಎಎಂನಲ್ಲೇ ನಡೆಯುವ ವಿಮಾನದ ಮಾತಿನ ಕಡೆಗೂ ಹೊರಳುತ್ತಿದ್ದಾರೆ. ಅಲ್ಲಿ ಸೈಮಲ್‌ಕ್ಯಾಸ್ಟ್ ರಗಳೆ ಇಲ್ಲ. ದೂರದ ಕ್ಷೀಣ ಸಿಗ್ನಲ್, ಒಳ್ಳೆಯ ಫಿಲ್ಟರ್, ಸರಿಯಾದ ಆಂಟೆನಾ, ಇಷ್ಟೇ ಲೆಕ್ಕ. ಈ ಕೆಲಸಕ್ಕೆ ಬಹಳ ಜನ ಈಗಲೂ ಶಿಫಾರಸು ಮಾಡುವುದು ಬಿಸಿ125ಎಟಿ ಎಂಬ, ಡಿಜಿಟಲ್ ಗಂಧವೇ ಇಲ್ಲದ ಅಗ್ಗದ ಯುನಿಡೆನ್ ಸ್ಕ್ಯಾನರನ್ನು.